4096 ಆರಿಸಿದ್ದೀನಿ, ಅಲೈನ್ ಆಯ್ತಲ್ವಾ?

ಪ್ರಶ್ನೆ: ಹೊಸ ಎಸ್‌ಎಸ್‌ಡಿ ತಗೊಂಡಿದ್ದೀನಿ. ವಿಂಡೋಸ್ ಹಾಕುವಾಗ ಪಾರ್ಟಿಷನ್ ಅಲೈನ್ ಮಾಡಬೇಕಂತೆ. ಫಾರ್ಮ್ಯಾಟ್ ಮಾಡುವಾಗ ಅಲೋಕೇಶನ್ ಯೂನಿಟ್ ಸೈಜ್ 4096 ಆರಿಸಿದರೆ ಸಾಕಲ್ವಾ?

ಈ ಪ್ರಶ್ನೆಗೆ ಇದು ಎಷ್ಟನೇ ಉತ್ತರವೋ, ನಾನು ಲೆಕ್ಕ ಇಡುವುದು ಬಿಟ್ಟಿದ್ದೇನೆ. ಅವಸರದಲ್ಲಿ ಇರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಖಾಲಿ ಡಿಸ್ಕ್‌ಗೆ ವಿಂಡೋಸ್ 10, 11 ಅಥವಾ ಈಚಿನ ಯಾವುದೇ ಲಿನಕ್ಸ್ ಹಾಕುತ್ತಿದ್ದರೆ ನೀವೇನೂ ಮಾಡಬೇಕಿಲ್ಲ. ಇನ್‌ಸ್ಟಾಲರ್ ತಾನೇ ಸರಿಯಾದ ಜಾಗದಿಂದ ಪಾರ್ಟಿಷನ್ (ಡಿಸ್ಕ್‌ನಲ್ಲಿ ಬೇರೆ ಮಾಡಿದ ಒಂದು ಭಾಗ) ಶುರು ಮಾಡುತ್ತದೆ. 2007ರಲ್ಲಿ ವಿಸ್ಟಾ ಬಂದಾಗಿನಿಂದ ವಿಂಡೋಸ್‌ನಲ್ಲಿ ಇದೇ ನಡೆದುಕೊಂಡು ಬಂದಿದೆ. ಎದ್ದು ಹೋಗಿ ಕಾಫಿ ಕುಡಿಯಿರಿ.

ಇನ್ನು ಆ 4096. ಸಾಕಾಗಲ್ಲ. ಅದು ಬೇರೆ, ಅಲೈನ್‌ಮೆಂಟ್ ಬೇರೆ. ಈ ಎರಡನ್ನೂ ಯಾರು ಮೊದಲು ಗಂಟು ಹಾಕಿದರೋ, ನನಗಂತೂ ಬಿಡಿಸಿ ಬಿಡಿಸಿ ಸಾಕಾಗಿದೆ.

ಡಿಸ್ಕ್ ಒಂದು ಸಲಕ್ಕೆ ಓದುವ, ಬರೆಯುವ ಅತಿ ಚಿಕ್ಕ ತುಂಡಿಗೆ ಸೆಕ್ಟರ್ ಅನ್ನುತ್ತಾರೆ. ಹಳೇ ಹಾರ್ಡ್ ಡಿಸ್ಕ್‌ಗಳಲ್ಲಿ ಒಂದು ಸೆಕ್ಟರ್ ಅಂದರೆ 512 ಬೈಟ್. 2010ರ ಆಸುಪಾಸಿನಲ್ಲಿ ಕಂಪನಿಗಳು 4096 ಬೈಟ್ ಸೆಕ್ಟರ್‌ಗೆ ಹೊರಳಿದವು. ಆದರೆ ಹಳೇ ಸಾಫ್ಟ್‌ವೇರ್ ಗಾಬರಿಯಾಗಬಾರದಲ್ಲ? ಹಾಗಾಗಿ ಒಳಗೆ 4096 ಇದ್ದರೂ ಹೊರಗೆ "ನಂದು 512" ಅಂತಲೇ ಹೇಳುತ್ತವೆ. ಎಸ್‌ಎಸ್‌ಡಿಗಳದ್ದೂ ಇದೇ ನಾಟಕ. ಒಳಗಿನ ಪುಟಗಳು (ಒಮ್ಮೆಗೆ ಬರೆಯುವ ತುಂಡುಗಳು) 4, 8 ಅಥವಾ 16 ಕೆಬಿ, ಹೊರಗೆ ಹೇಳುವುದು ಬಹುಪಾಲು 512.

ಈಗ ಮದುವೆ ಛತ್ರದ ಊಟದ ಹಾಲ್‌ಗೆ ಬನ್ನಿ. ಒಂದೊಂದು ಮೇಜಿಗೆ ಎಂಟು ಕುರ್ಚಿ. ಕುರ್ಚಿ ಅಂದರೆ 512 ಬೈಟ್, ಮೇಜು ಅಂದರೆ 4096. ಬಡಿಸುವವರದ್ದು ಒಂದು ವಿಚಿತ್ರ ನಿಯಮ: ಒಬ್ಬರ ಎಲೆ ಬದಲಾಯಿಸಬೇಕು ಅಂದರೂ ಇಡೀ ಮೇಜಿನ ಎಲೆಗಳನ್ನು ಎತ್ತಿ, ಮತ್ತೆ ಹಾಕಿ, ಮತ್ತೆ ಬಡಿಸಬೇಕು. ಊಟಕ್ಕೆ ಬರುವ ಪ್ರತಿ ಕುಟುಂಬದಲ್ಲೂ ಸರಿಯಾಗಿ ಎಂಟು ಜನ. ನೀವು ಫಾರ್ಮ್ಯಾಟ್ ಮಾಡುವಾಗ ಆರಿಸಿದ 4096 ಇದೇ: ಕುಟುಂಬದ ಸೈಜು, ಅಂದರೆ ಫೈಲ್‌ಗಳಿಗೆ ಜಾಗ ಹಂಚುವ ತುಂಡಿನ ಅಳತೆ.

ವಿಂಡೋಸ್ ಎಕ್ಸ್‌ಪಿ ಏನು ಮಾಡುತ್ತಿತ್ತು? ಮೊದಲ 63 ಕುರ್ಚಿ ಬಿಟ್ಟು ಅಲ್ಲಿಂದ ಜನರನ್ನು ಕೂರಿಸುತ್ತಿತ್ತು. ಏಳು ಮೇಜಿಗೆ 56, ಎಂಟನೇ ಮೇಜಿನಲ್ಲಿ ಇನ್ನೂ ಏಳು, ಒಟ್ಟು 63. ಆಯ್ತು, ಮೊದಲ ಕುಟುಂಬದ ಅಜ್ಜ ಎಂಟನೇ ಮೇಜಿನ ಕೊನೇ ಕುರ್ಚಿಯಲ್ಲಿ ಒಬ್ಬರೇ. ಮಿಕ್ಕ ಏಳು ಜನ ಒಂಬತ್ತನೇ ಮೇಜಿನಲ್ಲಿ. ಎರಡನೇ ಕುಟುಂಬದ ಅಜ್ಜ ಆ ಏಳು ಜನರ ಪಕ್ಕದಲ್ಲಿ, ಅವರ ಮನೆಯವರು ಹತ್ತನೇ ಮೇಜಿನಲ್ಲಿ. ಹಾಲ್ ತುಂಬಾ ಇದೇ ಕಥೆ. ಯಾವ ಕುಟುಂಬಕ್ಕೆ ಬಡಿಸಿದರೂ ಎರಡು ಮೇಜು ಎತ್ತಬೇಕು.

ಕುಟುಂಬದ ಸೈಜಿನಲ್ಲಿ ಏನೂ ತಪ್ಪಿಲ್ಲ, ನೋಡಿ. ತಪ್ಪಿದ್ದು ಮೊದಲನೆಯವರು ಕೂತ ಕುರ್ಚಿ. ಅಲೈನ್‌ಮೆಂಟ್ ಅಂದರೆ ಆ ಮೊದಲ ಕುರ್ಚಿಯ, ಅಂದರೆ ಪಾರ್ಟಿಷನ್ ಶುರುವಾಗುವ ಜಾಗದ ಪ್ರಶ್ನೆ, ಅಷ್ಟೇ.

ಇಷ್ಟಾದರೂ ನಂಬದವರಿಗೆ ಇನ್ನೊಂದು ಮಾತು. ವಿಂಡೋಸ್ ಡಿಸ್ಕ್‌ಗೆ ಹಾಕುವ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿ 4096 ಅನ್ನುವುದು ಡಿಫಾಲ್ಟ್. ನೀವು ಆರಿಸದಿದ್ದರೂ ಅದೇ ಬರುತ್ತದೆ. ಎಕ್ಸ್‌ಪಿಯಲ್ಲೂ ಅದೇ ಬರುತ್ತಿತ್ತು. ಅದರಿಂದಲೇ ಅಲೈನ್ ಆಗುವುದಾಗಿದ್ದರೆ ಈ ತಕರಾರು ಹುಟ್ಟುತ್ತಲೇ ಇರಲಿಲ್ಲ. "ನಾನು 4096 ಹಾಕಿದ ಮೇಲೆ ಸಿಸ್ಟಮ್ ಫಾಸ್ಟ್ ಆಯ್ತು ಸಾರ್" ಅನ್ನುವವರಿಗೆ ತನ್ನ ಕೋಳಿ ಕೂಗಿದ್ದಕ್ಕೇ ಊರಿಗೆ ಬೆಳಗಾಗುತ್ತೆ ಅಂದುಕೊಂಡ ಅಜ್ಜಿಯ ಕಥೆ ನೆನಪಿಸುತ್ತೇನೆ. ಕೆಲಸ ಮಾಡಿದ್ದು ಇನ್‌ಸ್ಟಾಲರ್, ಹೆಸರು ಬಂದಿದ್ದು 4096ಕ್ಕೆ.

ಎರಡು ಮೇಜು ಎತ್ತಿದರೆ ಏನು ನಷ್ಟ? ಡ್ರೈವ್ ಎರಡೂ ಸೆಕ್ಟರ್ ಓದಿ, ತಿದ್ದಿ, ವಾಪಸ್ ಬರೆಯಬೇಕು. ಹಾರ್ಡ್ ಡಿಸ್ಕ್ ಆದರೆ ತಟ್ಟೆ ಮತ್ತೆ ಸುತ್ತಿ ಬರುವ ತನಕ ಕಾಯಬೇಕು. 7200 ಆರ್‌ಪಿಎಂನಲ್ಲಿ ಒಂದು ಸುತ್ತಿಗೆ ಸುಮಾರು 8.3 ಮಿಲಿಸೆಕೆಂಡ್. ಚಿಕ್ಕ ಚಿಕ್ಕ ಫೈಲ್ ಸಾವಿರಗಟ್ಟಲೆ ಬರೆಯುವಾಗ ಇದು ಕೈಗೆ ಗೊತ್ತಾಗುತ್ತದೆ. ಎಸ್‌ಎಸ್‌ಡಿಯಲ್ಲಿ ಸುಮ್ನೆ ಬರೆಯುವುದು ಜಾಸ್ತಿಯಾಗಿ ಸವೆತ.

ಸರಿ, ನಿಮ್ಮದು ನೆಟ್ಟಗಿದೆಯಾ? ರನ್ ಬಾಕ್ಸ್‌ನಲ್ಲಿ ಎಂಎಸ್‌ಇನ್ಫೋ32 (msinfo32) ಕೊಡಿ. ಕಾಂಪೊನೆಂಟ್ಸ್, ಸ್ಟೋರೇಜ್, ಡಿಸ್ಕ್ಸ್. ಅಲ್ಲಿ "ಪಾರ್ಟಿಷನ್ ಸ್ಟಾರ್ಟಿಂಗ್ ಆಫ್‌ಸೆಟ್" ಅಂತ ಒಂದು ಸಂಖ್ಯೆ ಇರುತ್ತದೆ. 4096ರಿಂದ ಭಾಗಿಸಿ. 1048576 ಇದ್ದರೆ 256, ಚೊಕ್ಕ. ಲಿನಕ್ಸ್‌ನಲ್ಲಿ ಎಫ್‌ಡಿಸ್ಕ್ ಕಮಾಂಡ್ ಕೊಡುವ ಪಟ್ಟಿಯ ಸ್ಟಾರ್ಟ್ ಅಂಕಣ ನೋಡಿ. ಅಲ್ಲಿ ಇರುವುದು ಸಾಮಾನ್ಯವಾಗಿ 512ರ ಸೆಕ್ಟರ್ ಲೆಕ್ಕ, 8ರಿಂದ ಭಾಗಿಸಿದರೆ ಸಾಕು. 2048 ಕಂಡರೆ ನಿಶ್ಚಿಂತೆ.

ಹೋದ ತಿಂಗಳು ನೆಂಟರೊಬ್ಬರು ಹೊಸ ಎಸ್‌ಎಸ್‌ಡಿ ಹಾಕಿಸಿದ ಕಂಪ್ಯೂಟರ್ ತಂದರು. ಅದರಲ್ಲಿ ಕಂಡಿದ್ದು 32256. ಭಾಗಿಸಿದರೆ 7.875. ಎಕ್ಸ್‌ಪಿ ಇದ್ದ ಪಾರ್ಟಿಷನ್ ಮೇಲೇ ವಿಂಡೋಸ್ 7 ಹಾಕಿದ್ದರು, ಅದರ ಮೇಲೆ 10. ಕೊನೆಗೆ ಅದನ್ನೇ ಎಸ್‌ಎಸ್‌ಡಿಗೆ ಕ್ಲೋನ್ (ಇದ್ದ ಹಾಗೇ ನಕಲು) ಮಾಡಿದ್ದರು. ಮೊದಲ ಕುರ್ಚಿ ಕದಲಿರಲೇ ಇಲ್ಲ. ಈಗ ತೊಂದರೆ ಬರುವುದೇ ಇಂಥ ಕಡೆ. ಕ್ಲೋನ್ ಮಾಡುವಾಗ ಅಲೈನ್ ಮಾಡುವ ಆಯ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಬ್ಯಾಕಪ್ ತೆಗೆದು, ಪಾರ್ಟಿಷನ್ ಅಳಿಸಿ, ಹೊಸದಾಗಿ ಹಾಕಿ. ಇನ್ನೊಂದು ಕಡೆ ಅಂದರೆ ಡಿಸ್ಕ್ ಒಳಗಿಟ್ಟು ಯುಎಸ್‌ಬಿಗೆ ಸಿಕ್ಕಿಸುವ ಕೆಲವು ಡಬ್ಬಿಗಳು. ಅವು ಲಿನಕ್ಸ್‌ಗೆ "33553920 ಬೈಟ್ ನನಗೆ ಹಿತ" ಅಂತ ಸುಳ್ಳು ಹೇಳುತ್ತವೆ. ಅದು 65535 ಸೆಕ್ಟರ್, 8ರಿಂದ ಭಾಗ ಹೋಗಲ್ಲ. ಪಾರ್ಟಿಷನ್ ಮಾಡಿಕೊಡುವ ಪಾರ್ಟೆಡ್ ಪ್ರೋಗ್ರಾಂ ಆ ಮಾತನ್ನು ನಂಬಿ ಅಲ್ಲಿಂದಲೇ ಪಾರ್ಟಿಷನ್ ಶುರು ಮಾಡಬಹುದು. ಅದಕ್ಕೇ ಹೇಳಿದ್ದು, ಭಾಗಾಕಾರ ನೀವೇ ಮಾಡಿ.

ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ: 63 ಯಾಕೆ? ಹಳೇ ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆದಾಗ ಮೊದಲು ಓಡುವ ಪ್ರೋಗ್ರಾಂ) ಟ್ರ್ಯಾಕ್ (ತಟ್ಟೆಯ ಮೇಲಿನ ಒಂದು ಸುತ್ತು) ಒಳಗಿನ ಸೆಕ್ಟರ್ ಸಂಖ್ಯೆಗೆ ಕೊಟ್ಟಿದ್ದು ಆರು ಬಿಟ್. ಎಣಿಕೆ 1ರಿಂದ ಶುರು, ಹಾಗಾಗಿ ಗರಿಷ್ಠ 63. ಮೊದಲ ಟ್ರ್ಯಾಕ್ ಪೂರ್ತಿ ಬಿಟ್ಟು ಎರಡನೆಯದರಿಂದ ಪಾರ್ಟಿಷನ್ ಶುರು ಮಾಡುವುದು ಪದ್ಧತಿ. ಅಂದರೆ ಎಕ್ಸ್‌ಪಿಯೂ ಅಲೈನ್ ಮಾಡುತ್ತಲೇ ಇತ್ತು! ಟ್ರ್ಯಾಕ್‌ನ ಅಂಚಿಗೆ. ತಮಾಷೆ ಅಂದರೆ ಅಂಥ ಟ್ರ್ಯಾಕ್ ಡಿಸ್ಕ್ ಒಳಗೆ ಇರಲೇ ಇಲ್ಲ. ಹೊರಗಿನ ಟ್ರ್ಯಾಕ್‌ನಲ್ಲಿ ಹೆಚ್ಚು ಸೆಕ್ಟರ್, ಒಳಗಿನದರಲ್ಲಿ ಕಡಿಮೆ ಇಡುವ ಡಿಸ್ಕ್‌ಗಳು ಬಂದು ಎಷ್ಟೋ ವರ್ಷವಾಗಿತ್ತು. 63 ಅನ್ನುವುದು ಬಯೋಸ್‌ಗೆ ಸಮಾಧಾನವಾಗಲಿ ಅಂತ ಹೇಳುತ್ತಿದ್ದ ಲೆಕ್ಕ.

ಇದಕ್ಕೆ ವೆಸ್ಟರ್ನ್ ಡಿಜಿಟಲ್ ಮಾಡಿದ ಉಪಾಯ ನನಗೆ ಬಹಳ ಇಷ್ಟ. ಅವರ ಮೊದಮೊದಲ 4096 ಡ್ರೈವ್‌ಗಳಲ್ಲಿ ಎಕ್ಸ್‌ಪಿಯವರಿಗಾಗಿಯೇ ಒಂದು ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಕ್ಯಾಪ್) ಸೌಲಭ್ಯ ಇತ್ತು. 7 ಮತ್ತು 8ನೇ ಪಿನ್‌ಗೆ ಜಂಪರ್ ಸಿಕ್ಕಿಸಿದರೆ ಡ್ರೈವ್ ಎಲ್ಲ ಸಂಖ್ಯೆಯನ್ನೂ ಒಂದು ಮುಂದಕ್ಕೆ ತಳ್ಳುತ್ತಿತ್ತು. ಎಕ್ಸ್‌ಪಿ 63 ಅಂದರೆ ಒಳಗೆ 64. ಇಡೀ ಹಾಲ್‌ನವರು ಒಂದೊಂದು ಕುರ್ಚಿ ಸರಿದು ಕೂತ ಹಾಗೆ. ಆದರೆ ಆ ಜಂಪರ್ ಇದ್ದ ಹಾಗೇ ಇವತ್ತಿನ ವಿಂಡೋಸ್ ಹಾಕಿದರೆ 2048 ಹೋಗಿ 2049 ಆಗುತ್ತದೆ, ಎಂಎಸ್‌ಇನ್ಫೋ ಮಾತ್ರ ಎಲ್ಲ ಸರಿ ಇದೆ ಅನ್ನುತ್ತದೆ. ಹಳೇ ಸಿಪಿಯುನಿಂದ ಅಂಥ ಡ್ರೈವ್ ಬಿಚ್ಚಿದ್ದರೆ ಹಿಂಬದಿಯ ಪಿನ್ ಒಮ್ಮೆ ನೋಡಿ. ಡೇಟಾ ಬೇಕಿದ್ದರೆ ಮೊದಲು ಬ್ಯಾಕಪ್, ಆಮೇಲೆ ಜಂಪರ್. ಕಿತ್ತ ತಕ್ಷಣ ಹಳೇ ಪಾರ್ಟಿಷನ್ ಕಾಣಿಸಲ್ಲ.