ಮುಳ್ಳು ನಡುವೆ ನಿಂತರೆ ಗಾಬರಿಯಾಗಬೇಡಿ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ನಮ್ಮ ಗ್ಯಾರೇಜಿಗೆ ಹಳೆ ಅಂಬಾಸಿಡರ್, ಪದ್ಮಿನಿ, ಜೀಪುಗಳು ಒಂದೇ ದೂರು ಹೊತ್ತು ಬರುತ್ತವೆ: ನೀರು ಕುದಿಯುತ್ತದೆ. ಬಾನೆಟ್ ಎತ್ತಿ ವಿಚಾರಿಸಿದರೆ ಬಹಳ ಜನ ಧೈರ್ಯವಾಗಿ ಹೇಳುತ್ತಾರೆ, "ಥರ್ಮೋಸ್ಟಾಟ್ ತೆಗಿಸಿ ಒಗದೇನ್ರಿ. ಅದು ಥಂಡಿ ದೇಶದ ಸಾಮಾನು, ನಮ್ಮ ಬಿಸಲಿಗೆ ಯಾಕ ಬೇಕ್ರಿ?"

ಈ ಮಾತು ಕೇಳಿದಾಗಲೆಲ್ಲ ನನಗೆ ತಾಳ್ಮೆ ತಪ್ಪುತ್ತದೆ. ತೆಗೆಸಿದ ಮೇಲೂ ನೀರು ಕುದಿಯುತ್ತಿದೆ ಅಲ್ವಾ? ಹಾಗಿದ್ದರೆ ತಪ್ಪು ಬೇರೆ ಎಲ್ಲೋ ಇದೆ.

ಥರ್ಮೋಸ್ಟಾಟ್ ಅಂದರೆ ಎಂಜಿನ್ನಿನ ಬಿಸಿನೀರನ್ನು ತಂಪು ಮಾಡುವ ರೇಡಿಯೇಟರಿಗೆ ಬಿಡುವ ಒಂದು ಬಾಗಿಲು, ಅಷ್ಟೇ. ಸಿಲಿಂಡರ್ ಹೆಡ್ಡಿನಿಂದ ಬಿಸಿನೀರು ಹೊರಬೀಳುವ ಜಾಗದಲ್ಲಿ, ಮೇಲಿನ ಹೋಸ್ ಪೈಪ್ ಶುರುವಾಗುವ ಬೆಂಡಿನ ಕೆಳಗೆ ಕೂತಿರುತ್ತದೆ. ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಡಬ್ಬಿ, ಡಬ್ಬಿಯಲ್ಲಿ ಮೇಣ. ಮೇಲೆ 82 ಅಂತ ಒತ್ತಿದ್ದರೆ, ನೀರು 82 ಡಿಗ್ರಿ ಮುಟ್ಟಿದಾಗ ಮೇಣ ಕರಗಿ ಹಿಗ್ಗುತ್ತದೆ, ವಾಲ್ವ್ ತೆರೆಯತೊಡಗುತ್ತದೆ. ಇನ್ನು ಹತ್ತು ಹನ್ನೆರಡು ಡಿಗ್ರಿ ಏರುವಷ್ಟರಲ್ಲಿ ಪೂರ್ತಿ ತೆರೆದಿರುತ್ತದೆ. ನೀರು ಕುದಿಯುವುದು ಅದಕ್ಕೂ ಆಮೇಲೆ. ಅಂದರೆ ನಿಮ್ಮ ಗಾಡಿ ಕುದಿಯುವ ಹೊತ್ತಿಗೆ ಆ ಬಾಗಿಲು ಆಗಲೇ ತೆರೆದಿದೆ. ತೆರೆದೇ ಇರುವ ಬಾಗಿಲನ್ನು ಕಿತ್ತು ಹಾಕಿದರೆ ಏನು ಸಿಕ್ಕೀತು?

ಮುಚ್ಚಿದಲ್ಲೇ ಸಿಕ್ಕಿಕೊಂಡಿದ್ದರೆ ಮಾತು ಬೇರೆ. ಅದನ್ನು ಮನೆಯಲ್ಲೇ ನೋಡಬಹುದು. ವಾಲ್ವಿನ ಸಂದಿಯಲ್ಲಿ ಒಂದು ದಾರ ಸಿಕ್ಕಿಸಿ, ಆ ದಾರದಿಂದಲೇ ಅದನ್ನು ನೀರಿನ ಪಾತ್ರೆಯಲ್ಲಿ ತಳ ಮುಟ್ಟದ ಹಾಗೆ ಇಳಿಬಿಡಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ, ಜ್ವರ ನೋಡುವುದಲ್ಲ, ನೂರು ಡಿಗ್ರಿ ಸೆಲ್ಸಿಯಸ್ ತೋರಿಸುವಂಥದ್ದು. ಸಣ್ಣ ಉರಿಯಲ್ಲಿ ಕಾಯಿಸಿ. ವಾಲ್ವ್ ತೆರೆದ ಕೂಡಲೇ ದಾರ ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ನೀರು ಕುದ್ದರೂ ಬೀಳದಿದ್ದರೆ ಹೊಸದು ತನ್ನಿ. ಖಾಲಿ ಬಿಡಬೇಡಿ.

ಖಾಲಿ ಬಿಟ್ಟರೆ ಎಂಜಿನ್ ಬೇಗ ಕಾಯುವುದಿಲ್ಲ. ಡಿಸೆಂಬರ್ ಮುಂಜಾನೆ ಧಾರವಾಡದಲ್ಲಿ ಗಾಡಿ ಚಾಲು ಮಾಡಿ ಮಾರ್ಕೆಟ್‌ವರೆಗೆ ಹೋಗಿ ಬಂದರೆ ಅದು ಕಾದೇ ಇರುವುದಿಲ್ಲ. ತಣ್ಣಗಿನ ಸಿಲಿಂಡರಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಗೋಡೆಯ ಆಯಿಲ್ ತೊಳೆದುಕೊಂಡು ಕೆಳಗಿಳಿಯುತ್ತದೆ. ಆಯಿಲ್ ಅಳೆಯುವ ಡಿಪ್ ಸ್ಟಿಕ್ ಮೂಸಿದರೆ ಪೆಟ್ರೋಲ್ ವಾಸನೆ. ಆಯಿಲ್ ಕ್ಯಾಪ್ ತೆಗೆದರೆ ಒಳಗೆ ಬಿಳಿ ಕೆನೆ, ಆರದ ತೇವ ಆಯಿಲಿಗೆ ಬೆರೆತು ಆಗುವಂಥದ್ದು. ಆ ಕೆನೆ ನೋಡಿಯೇ ಹೆಡ್ ಗ್ಯಾಸ್ಕೆಟ್ (ಹೆಡ್ಡಿನ ಕೆಳಗೆ ನೀರು, ಆಯಿಲ್ ಬೆರೆಯದಂತೆ ತಡೆಯುವ ಪದರ) ಹೋಗಿದೆ ಅಂತ ಸುಮ್ನೆ ಎಂಜಿನ್ ಬಿಚ್ಚಿಸಿದವರಿದ್ದಾರೆ. ಗ್ಯಾಸ್ಕೆಟ್ ಹೋದರೂ ಕೆನೆ ಬರುತ್ತದೆ, ಅದು ನಿಜ. ಆದರೆ ಮೊದಲು ರೇಡಿಯೇಟರ್ ನೀರು ಕಡಿಮೆಯಾಗುತ್ತಿದೆಯೇ ಅಂತ ನಾಲ್ಕು ದಿನ ನೋಡಿ.

ಇನ್ನು ಕೆಲವು ಎಂಜಿನ್‌ಗಳಲ್ಲಿ, ತಣ್ಣಗಿರುವಾಗ ನೀರು ರೇಡಿಯೇಟರಿಗೆ ಹೋಗದೆ ಒಳಗೇ ಸುತ್ತಲಿ ಅಂತ ಬೈಪಾಸ್ ದಾರಿ ಇರುತ್ತದೆ. ನೀರು ಕಾದ ಮೇಲೆ ಆ ದಾರಿ ಮುಚ್ಚುವುದೂ ಥರ್ಮೋಸ್ಟಾಟೇ. ಅಂಥ ಎಂಜಿನ್ನಿನಿಂದ ಅದನ್ನು ತೆಗೆದರೆ ಒಂದಿಷ್ಟು ಬಿಸಿನೀರು ರೇಡಿಯೇಟರ್ ಕಾಣದೆ ಒಳಗೊಳಗೇ ತಿರುಗುತ್ತದೆ. ತಂಪಾಗಲಿ ಅಂತ ತೆಗೆಸಿದ್ದು, ಬಿಸಿ ಜಾಸ್ತಿಯಾಗುತ್ತದೆ.

ಹಾಕುವುದರಲ್ಲೂ ತಪ್ಪು ನಡೆಯುತ್ತದೆ. ಮೇಣದ ಡಬ್ಬಿ ಎಂಜಿನ್ ಕಡೆಗೇ ಇರಬೇಕು. ತಿರುಗಿಸಿ ಕೂರಿಸಿದರೆ ಅದಕ್ಕೆ ಸಿಗುವುದು ರೇಡಿಯೇಟರ್ ಕಡೆಯ ತಣ್ಣೀರು. ಇತ್ತ ಹೆಡ್ಡಿನಲ್ಲಿ ನೀರು ಕುದಿಯುತ್ತಿರುತ್ತದೆ, ಅತ್ತ ವಾಲ್ವಿಗೆ ಸುದ್ದಿಯೇ ಇರುವುದಿಲ್ಲ. ಬೆಂಡಿನ ಬೋಲ್ಟ್ ಮುರಿದಿದೆ ಅಂತ ಥರ್ಮೋಸ್ಟಾಟನ್ನು ಹೋಸ್ ಪೈಪಿನ ನಡುವೆ ತುರುಕಿದ್ದನ್ನೂ ನೋಡಿದ್ದೇನೆ. ವಾಲ್ವ್ ಮುಚ್ಚಿದ್ದಾಗ ಆ ಪೈಪಿನ ನೀರು ಹರಿಯುವುದೇ ಇಲ್ಲ. ಬಿಸಿ ಅಲ್ಲಿಗೆ ತಲುಪುವುದು ತಡ. ಮುರಿದ ಬೋಲ್ಟನ್ನು ಡ್ರಿಲ್ ಮಾಡಿಸಿ ತೆಗೆಸಿ, ಥರ್ಮೋಸ್ಟಾಟನ್ನು ಅದರ ಜಾಗದಲ್ಲೇ ಕೂರಿಸಿ.

ಧಾರವಾಡದ ನಿವೃತ್ತ ಮಾಸ್ತರರೊಬ್ಬರ ಅಂಬಾಸಿಡರ್ ಇದೆ, 1489 ಸಿಸಿಯ ಹಳೆ ಪೆಟ್ರೋಲ್ ಎಂಜಿನ್ನಿನದು. ಮಗುವಿನ ಹಾಗೆ ಒರೆಸಿ ಇಟ್ಟಿದ್ದಾರೆ. ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಟ್ಟ ಏರುತ್ತ ಕುದಿಯಿತು. ಥರ್ಮೋಸ್ಟಾಟನ್ನು ಬೇರೆ ಕಡೆ ಮೊದಲೇ ತೆಗೆದಿದ್ದರು. ಎಂಜಿನ್ ಬಿಸಿ ಮಾಡಿ, ನಿಲ್ಲಿಸಿ, ರೇಡಿಯೇಟರ್ ಮೇಲೆ ಅಂಗೈ ಆಡಿಸಿದೆ. ಮೇಲೆಲ್ಲ ಸುಡುತ್ತಿತ್ತು, ಕೆಳಗಿನ ಬಲಮೂಲೆ ತಣ್ಣಗಿತ್ತು. ಕೊಳವೆ ಕಟ್ಟಿಕೊಂಡಿವೆ ಅನ್ನುವುದಕ್ಕೆ ಅಷ್ಟು ಸಾಕು. ನಮ್ಮಲ್ಲಿ ಬಹಳ ಕಡೆ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಗಾಡಿಗೆ ಬೋರಿನ ಗಡಸು ನೀರೇ ಗತಿ. ಅದರ ಸುಣ್ಣ ಒಳಗೆ ಕೂರುತ್ತದೆ. ಸಪಾಟು ರಸ್ತೆಗೆ ಉಳಿದ ರೇಡಿಯೇಟರ್ ಸಾಕಾಗುತ್ತಿತ್ತು, ಘಟ್ಟಕ್ಕೆ ಸಾಲಲಿಲ್ಲ. ರೇಡಿಯೇಟರಿನ ಟ್ಯಾಂಕ್ ಬಿಚ್ಚಿಸಿ, ಕೊಳವೆಗಳಿಗೆ ಸಲಾಕೆ ಹಾಯಿಸಿ, ಹೊಸ ಥರ್ಮೋಸ್ಟಾಟ್ ಹಾಕಿ ಕಳಿಸಿದೆ. ಕಲಘಟಗಿಯಿಂದ ಫೋನ್ ಬಂತು. "ತಮ್ಮಾ, ಮೊದಲ ಟೆಂಪರೇಚರ್ ಮೀಟರಿನ ಮುಳ್ಳು ಕೆಳಗ ಇರತಿತ್ತು, ಈಗ ನಡಬರಕ ಬಂದು ನಿಂತದ. ಗಾಡಿ ನಿಂದರಸಲೇನು?"

"ಅದರ ಜಾಗಾನ ಅದು, ಸರ್. ನಡೀರಿ" ಅಂದೆ. ಮುಳ್ಳು ಕೆಳಗಿದ್ದಷ್ಟೂ ಒಳ್ಳೆಯದು ಅನ್ನುವ ತಪ್ಪು ನಂಬಿಕೆಯೇ ಈ ಎಲ್ಲದರ ಬೇರು. ನಡುವೆ ನಿಂತು ಅಲ್ಲಾಡದಿದ್ದರೆ ಎಂಜಿನ್ ಆರೋಗ್ಯವಾಗಿದೆ. ಅಲ್ಲಿಂದ ಮೇಲೆ ಹತ್ತತೊಡಗಿದರೆ ಮಾತ್ರ ಗಾಡಿ ನಿಲ್ಲಿಸಿ. ಬಿಸಿಯಿರುವಾಗ ರೇಡಿಯೇಟರ್ ಕ್ಯಾಪಿಗೆ ಕೈ ಹಾಕಬೇಡಿ. ಫ್ಯಾನ್ ಬೆಲ್ಟ್, ಕೆಳಗಿನ ಹೋಸ್, ಕಿಡಿ ಹೊತ್ತುವ ಟೈಮಿಂಗ್ ಇವನ್ನು ಗೊತ್ತಿದ್ದವರ ಹತ್ತಿರ ತೋರಿಸಿ.

ಹೊಸದು ಹಾಕಿಸುವವರಿಗೆ ಒಂದು ಮಾತು. ಎಂಜಿನ್ ನಂಬರ್ ಹೇಳಿ ಅದಕ್ಕೆ ಹೊಂದುವುದನ್ನೇ ತನ್ನಿ. ಅಂಚಿನಲ್ಲಿ ಅಲ್ಲಾಡುವ ಸಣ್ಣ ಪಿನ್ ಇದ್ದರೆ ಅದು ಮೇಲ್ಭಾಗಕ್ಕೆ ಬರಲಿ, ಗಾಳಿ ಹೊರಹೋಗುವುದು ಅಲ್ಲಿಂದಲೇ. ಗಡಸು ನೀರು ಬಿಟ್ಟು ಕೂಲಂಟ್ ಸುರಿಯಿರಿ, ನಿಧಾನವಾಗಿ. ಆಮೇಲೆ ಎಂಜಿನ್ ಚಾಲು ಮಾಡಿ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ, ಕೈ ಫ್ಯಾನಿನಿಂದ ದೂರ ಇರಲಿ. ಸ್ವಲ್ಪ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಮುಳ್ಳು ನಡು ದಾಟಿದರೂ ಹೋಸ್ ತಣ್ಣಗೇ ಇದ್ದರೆ ಎಂಜಿನ್ ಬಂದ್ ಮಾಡಿ, ಪೂರ್ತಿ ಆರಿದ ಮೇಲೆ ಬಿಚ್ಚಿ ನೋಡಿ.