ದೂರೇ ಬಾರದ ತಿಳಿನೀರು

ಉಡುಪಿ, ಕಾರ್ಕಳ, ಬೆಳ್ತಂಗಡಿ ಕಡೆಯಿಂದ ನಮ್ಮ ಪ್ರಯೋಗಾಲಯಕ್ಕೆ ಬರುವ ನೀರಿನ ದೂರುಗಳಲ್ಲಿ ಹೆಚ್ಚಿನವು ಕಬ್ಬಿಣದ್ದು. ಕೊಡಪಾನದ ತಳದಲ್ಲಿ ಕೆಂಪು ಗಷ್ಟು ಕೂರುತ್ತದೆ, ಬಿಳಿ ಬಟ್ಟೆ ಹಳದಿಗಟ್ಟುತ್ತದೆ, ಚಹಾ ಕಪ್ಪಗಾಗುತ್ತದೆ. ಮುರಕಲ್ಲಿನ (ಕಬ್ಬಿಣ ತುಂಬಿದ ಕೆಂಪು ಜಂಬಿಟ್ಟಿಗೆಯ) ನಾಡಿನಲ್ಲಿ ಇದು ಸಹಜ. ಕಬ್ಬಿಣ ಕಣ್ಣಿಗೆ ಕಾಣುತ್ತದೆ, ನಾಲಿಗೆಗೆ ತಿಳಿಯುತ್ತದೆ. ಜನ ಪಂಚಾಯತ್‌ಗೆ ಹೋಗಿ ಕೇಳುತ್ತಾರೆ. ಆರೋಗ್ಯದ ದೃಷ್ಟಿಯಿಂದ ಅದು ಅಂಥ ದೊಡ್ಡ ಅಪಾಯವೇನಲ್ಲ. ನನಗೆ ಆತಂಕವಿರುವುದು ಸೀಸ ಕರಗಿದ್ದರೂ ದೂರೇ ಬಾರದ ತಿಳಿನೀರಿನ ಬಗ್ಗೆ, ಅದರಲ್ಲೂ ಇಲ್ಲಿನ ಬುಡಕಟ್ಟುಗಳಾದ ಕೊರಗರ ಕಾಲನಿಗಳಲ್ಲಿ, ಮಲೆಕುಡಿಯರ ಮನೆಗಳಲ್ಲಿ ಕುಡಿಯುವ ನೀರಿನ ಬಗ್ಗೆ.

ನಮ್ಮ ಕರಾವಳಿಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಮುರಕಲ್ಲಿನೊಳಗಿನ ಸುಣ್ಣದ ಅಂಶವನ್ನು ಅದು ಎಂದೋ ತೊಳೆದುಹಾಕಿದೆ. ಹಾಗಾಗಿ ಬಾವಿಯ ನೀರು ಮೆದು, ಜೊತೆಗೆ ಆಮ್ಲೀಯ. ಆಮ್ಲೀಯತೆಯ ಅಳತೆ ಪಿಎಚ್; ಅದು 7ಕ್ಕಿಂತ ಇಳಿದಷ್ಟೂ ನೀರು ಹೆಚ್ಚು ಆಮ್ಲೀಯ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ನಡುವೆ ಇರಬೇಕು. ಇಲ್ಲಿನ ತೆರೆದ ಬಾವಿಗಳಲ್ಲಿ ಅದು 6ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ಇಂಥ ನೀರು ತಾನು ಹಾದುಬರುವ ಲೋಹವನ್ನು ಕರಗಿಸಿಕೊಳ್ಳುತ್ತದೆ. ಹಳೆಯ ಜಿಐ ಪೈಪಿನ, ಅಂದರೆ ಸತು ಬಳಿದ ಕಬ್ಬಿಣದ ಪೈಪಿನ, ಲೇಪದಲ್ಲಿ ಸೀಸ, ಕ್ಯಾಡ್ಮಿಯಂ ಬೆರೆತಿರುವುದುಂಟು. ಹಿತ್ತಾಳೆಯ ನಲ್ಲಿಗೆ, ಕಡೆಯಲು ಸುಲಭವಾಗಲೆಂದು ಸೀಸ ಸೇರಿಸುತ್ತಾರೆ. ಪಿವಿಸಿ ಪೈಪಿನಲ್ಲೂ ಸೀಸದ ಬಳಕೆಯಿತ್ತು. ಅದನ್ನು ಕೈಬಿಡಿಸುವ ಕೇಂದ್ರದ ನಿಯಮ ಬಂದದ್ದು 2021ರಲ್ಲಷ್ಟೇ. ನಲ್ಲಿಯ ಕೆಳಗಿನ ಸಿಮೆಂಟಿನ ಮೇಲೆ ನೀಲಿ ಹಸಿರು ಕಲೆ ಕಂಡರೆ ತಾಮ್ರ ಕರಗುತ್ತಿದೆಯೆಂದು ಊಹಿಸಬಹುದು. ಸೀಸ ಅಂಥ ಗುರುತನ್ನೂ ಬಿಡುವುದಿಲ್ಲ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ನೀರಿನಲ್ಲಿ ಸೀಸದ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದಕ್ಕಿಂತ ಕಡಿಮೆಯಿದ್ದರೆ ಕ್ಷೇಮವೆಂದೂ ಹೇಳಲಾಗದು. ದೊಡ್ಡವರ ಕರುಳು ನುಂಗಿದ ಸೀಸದ ಹತ್ತರಲ್ಲೊಂದು ಪಾಲನ್ನು ಹೀರಿದರೆ, ಎಳೆಯ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ದೇಹದಲ್ಲಿ ಕಬ್ಬಿಣದ ಕೊರತೆಯಿದ್ದರೆ ಇನ್ನೂ ಹೆಚ್ಚು. ಕೊರಗರಿಗೆ ಸರ್ಕಾರವೇ ಪೌಷ್ಟಿಕ ಆಹಾರ ಹಂಚುತ್ತದೆ ಎಂದ ಮೇಲೆ ಆ ಕೊರತೆಯ ಬಗ್ಗೆ ಬೇರೆ ಹೇಳಬೇಕಾಗಿಲ್ಲ. ತಾಯಿಯ ಮೂಳೆಯಲ್ಲಿ ವರ್ಷಗಳ ಕಾಲ ಕೂತ ಸೀಸ ಬಸಿರಿನಲ್ಲಿ ಮತ್ತೆ ರಕ್ತಕ್ಕಿಳಿದು ಮಗುವನ್ನು ಮುಟ್ಟುತ್ತದೆ. ಆ ಮಗು ಮುಂದೆ ಕಲಿಕೆಯಲ್ಲಿ ಹಿಂದೆ ಬಿದ್ದರೆ ದೂಷಿಸುವುದು ಮಗುವನ್ನು, ಇಲ್ಲವೇ ಅದರ ಜಾತಿಯನ್ನು. ನಲ್ಲಿಯ ಕಡೆ ಯಾರೂ ನೋಡುವುದಿಲ್ಲ. ನನಗೆ ಸಹಿಸಲಾಗದ ಸಂಗತಿ ಇದು.

‘ನಾವು ಕುದಿಸಿಯೇ ಕುಡಿಯುವುದಲ್ಲವೇ’ ಎಂದು ಕೇಳುವವರಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಲೋಹ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಬೆಳಗ್ಗೆ ಮೊದಲ ಕೊಡಪಾನಕ್ಕೆ ಬೀಳುತ್ತದೆ. ಅದೇ ನೀರು ಕುಚ್ಚಲಕ್ಕಿಯೊಂದಿಗೆ ಒಲೆಯ ಮೇಲೆ ಬಹಳ ಹೊತ್ತು ಬೇಯುತ್ತದೆ. ಆ ಗಂಜಿಯ ತಿಳಿ ಮಗುವಿನ ಬಟ್ಟಲಿಗೆ ಹೋಗುತ್ತದೆ.

ಮನೆಮನೆಗೆ ನಲ್ಲಿ ನೀರು ಕೊಡುವ ಜಲಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆಯಿದೆ. ಒಳ್ಳೆಯ ಕೆಲಸ, ನಿಲ್ಲಬಾರದು. ಆದರೆ ಆ ಕಿಟ್ ಪಿಎಚ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ತೋರಿಸುತ್ತದೆಯೇ ಹೊರತು ಸೀಸವನ್ನಲ್ಲ. ‘ಕುಡಿಯಲು ಯೋಗ್ಯ’ ಎಂಬ ವರದಿ ಕೈಗೆ ಬಂದಾಗ ಯಾವ ಯಾವ ಅಂಶ ಪರೀಕ್ಷಿಸಿದ್ದಾರೆಂದು ದಯವಿಟ್ಟು ಓದಿ. ಬಾವಿಯಿಂದ ಎತ್ತಿದ ಮಾದರಿ ನಲ್ಲಿಯ ಕಥೆ ಹೇಳುವುದಿಲ್ಲ. ಸೀಸಕ್ಕಾದರೆ ಕನಿಷ್ಠ ಆರು ಗಂಟೆ ಮುಚ್ಚಿದ್ದ ನಲ್ಲಿಯ ಮೊದಲ ನೀರನ್ನೇ, ಹರಿಯಬಿಡದೆ, ಪ್ರಯೋಗಾಲಯ ಕೊಟ್ಟ ಬಾಟಲಿಯಲ್ಲಿ ಹಿಡಿಯಬೇಕು. ಲೋಹ ಬಾಟಲಿಯ ಗೋಡೆಗೆ ಅಂಟದಂತೆ ಅದಕ್ಕೆ ನೈಟ್ರಿಕ್ ಆಮ್ಲ ಸೇರಿಸುತ್ತೇವೆ. ಮಿನರಲ್ ವಾಟರ್ ಬಾಟಲಿಯಲ್ಲಿ ತಂದರೆ ಅಳತೆ ಸುಳ್ಳಾಗಬಹುದು.

ಪರೀಕ್ಷೆಯ ಫಲ ಕೈಗೆ ಬರುವವರೆಗೆ ಮಾಡಬಹುದಾದದ್ದು ಸರಳ. ಬೆಳಗಿನ ಮೊದಲ ನೀರನ್ನು ಪಾತ್ರೆ ತೊಳೆಯಲು, ಗಿಡಕ್ಕೆ ಬಳಸಿ. ಪೈಪಿನಲ್ಲಿ ನಿಂತದ್ದು ಹೋದ ಮೇಲೆ ಅಡುಗೆಗೆ, ಕುಡಿಯಲು ಹಿಡಿಯಿರಿ. ಮನೆಯ ಮರಳಿನ ಫಿಲ್ಟರ್ ಕಬ್ಬಿಣ ತಡೆದರೂ ಕರಗಿದ ಸೀಸಕ್ಕೆ ಅದನ್ನು ನಂಬಬೇಡಿ. ಮೂಲದ ಕೆಲಸ ಪಂಚಾಯತ್‌ನದು: ಟ್ಯಾಂಕಿಗೆ ಹೋಗುವ ನೀರನ್ನು ಸುಣ್ಣಕಲ್ಲಿನ ಚೂರುಗಳ ಪದರದ ಮೂಲಕ ಹಾಯಿಸಿ ಪಿಎಚ್ ಏರಿಸುವುದು. ಸುಣ್ಣಕಲ್ಲೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್; ನಾವು ತಿನ್ನುವ ಮರುವಾಯಿಯ (ಚಿಪ್ಪುಜೀವಿಯ) ಚಿಪ್ಪಿನಲ್ಲಿರುವುದೂ ಅದೇ. ಪದರ ಸವೆಯುತ್ತಾ ಹೋಗುವುದರಿಂದ ಆಗಾಗ ಹೊಸ ಚೂರು ತುಂಬಬೇಕು. ಆ ಖರ್ಚನ್ನು ಕಾಲನಿಯವರ ತಲೆಗೆ ಕಟ್ಟದೆ ವಾರ್ಷಿಕ ನಿರ್ವಹಣೆಯ ಲೆಕ್ಕದಲ್ಲೇ ಇಡಬೇಕು.