ಮೊದಲ ಸ್ಟೂಲು ಯಾಕೆ ಅಲುಗಾಡುತ್ತದೆ?

ಕಟ್ಟಿಗೆ ಕೆಲಸ ಕಲಿಯಲು ಹೊರಟವರು ಮೊದಲೇ ಮಂಚಕ್ಕೋ ಕಪಾಟಿಗೋ ಕೈ ಹಾಕುವುದು ಬೇಡ. ಒಂದು ಸ್ಟೂಲು ಸಾಕು. ನಾಲ್ಕು ಕಾಲು, ನಾಲ್ಕು ಪಟ್ಟಿ, ಮೇಲೊಂದು ಹಲಗೆ: ಮೇಜು, ಮಂಚಗಳ ಕಟ್ಟೂ ಮೂಲದಲ್ಲಿ ಇದೇ. ಕೆಟ್ಟರೂ ಕೆಡುವುದು ಅರ್ಧ ಸಿಎಫ್‌ಟಿಗಿಂತ (ಘನ ಅಡಿಗಿಂತ) ಕಡಿಮೆ ಕಟ್ಟಿಗೆ.

ಅಳತೆ ಹೀಗಿರಲಿ. ಮೇಲಿನ ಹಲಗೆ 16 ಇಂಚು ಉದ್ದ, 11 ಇಂಚು ಅಗಲ, 1 ಇಂಚು ದಪ್ಪ. ಕಾಲು ಒಂದೂವರೆ ಇಂಚು ಚೌಕ, 15 ಇಂಚು ಎತ್ತರ. ಕಾಲುಗಳನ್ನು ಕೂಡಿಸುವ ಪಟ್ಟಿ ಎರಡೂವರೆ ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. 11 ಇಂಚಿನವು ಎರಡು, 6 ಇಂಚಿನವು ಎರಡು. ಹಲಗೆ ಸುತ್ತಲೂ ಒಂದಿಂಚು ಹೊರಗೆ ಚಾಚುತ್ತದೆ.

ಜಾಲಿ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ, ಬಲು ಗಟ್ಟಿ. ಒಕ್ಕಲುತನದ ಸಾಮಾನಿಗೆ ಅದೇ ಸರಿ. ಹೊಸಬರ ಉಳಿಗೆ ಮಾತ್ರ ಅದು ಶತ್ರು. ಬೇವಿಗೆ ಹುಳದ ಕಾಟ ಕಡಿಮೆ, ಆದರೆ ಎಳೆ (ಕಟ್ಟಿಗೆಯ ನಾರು) ಅಡ್ಡಾದಿಡ್ಡಿ ಓಡುವುದರಿಂದ ರಂಧಾ (ಹಲಗೆ ಹೆರೆದು ನುಣುಪು ಮಾಡುವ ಉಪಕರಣ) ಹೊಡೆದಲ್ಲಿ ಸಿಬಿರೇಳುತ್ತದೆ. ಹಳೆ ಮನೆ ಕೆಡವಿದಾಗ ಬರುವ ಸಾಗವಾನಿ ಚೌಕಟ್ಟು ಸಿಕ್ಕರೆ ಬಿಡಬೇಡಿ, ಅದು ವರ್ಷಗಟ್ಟಲೆ ಒಣಗಿದ ಮಾಲು. ಗರಗಸ ಇಡುವ ಮೊದಲು ಅಯಸ್ಕಾಂತ ಆಡಿಸಿ ನೋಡಿ, ಒಳಗೆ ತುಂಡು ಮೊಳೆ ಇರಬಹುದು.

ಹೊಸ ಕಟ್ಟಿಗೆ ತಂದರೆ ಆ ದಿನವೇ ಕೊಯ್ಯಬೇಡಿ. ಸ್ಟೂಲು ಯಾವ ಮನೆಯಲ್ಲಿ ಇರುತ್ತದೋ ಅಲ್ಲೇ ನೆರಳಲ್ಲಿ, ಹಲಗೆಗಳ ನಡುವೆ ಸಣ್ಣ ಪಟ್ಟಿ ಕೊಟ್ಟು ಒಟ್ಟಿ ಇಡಿ. ಒಂದು ತುಂಡನ್ನು ನಾಲ್ಕು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ತೂಕ ಇಳಿಯುವುದು ನಿಂತ ಮೇಲೆ ಕೆಲಸ ಹಿಡಿಯಿರಿ. ಬೆಳಗಾವಿಯ ಜುಲೈ ಮಳೆಯಲ್ಲಿ ಬಿಗಿಯಾಗಿ ಕೂತದ್ದು ವಿಜಯಪುರದ ಏಪ್ರಿಲ್ ಬಿಸಿಲಿಗೆ ಸಡಿಲಾಗುವುದು ಬಡಿಗನ ತಪ್ಪಲ್ಲ, ನೀರಿನ ಲೆಕ್ಕ. ಕಟ್ಟಿಗೆ ಉದ್ದಕ್ಕೆ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ, ಅಗಲಕ್ಕೆ ಕುಗ್ಗುತ್ತದೆ. ತೇವಾಂಶ ಶೇ. 15ರಿಂದ 10ಕ್ಕೆ ಇಳಿದರೆ 11 ಇಂಚಿನ ಸಾಗವಾನಿ ಹಲಗೆ ಸುಮಾರು ಎರಡೂವರೆ ಮಿಲಿಮೀಟರ್ ಕಿರಿದಾಗಬಹುದು, ಒಂದು ಸೂತಕ್ಕೆ (ಇಂಚಿನ ಎಂಟನೇ ಒಂದು ಭಾಗಕ್ಕೆ) ತುಸು ಕಡಿಮೆ.

ಅದಕ್ಕೇ ಮೇಲಿನ ಹಲಗೆಯನ್ನು ಎಂದೂ ಪಟ್ಟಿಗಳಿಗೆ ಅಂಟಿಸಬಾರದು. ಅಂಟಿಸಿದರೆ ಕುಗ್ಗಲು ದಾರಿಯಿಲ್ಲದೆ ಎಳೆಯುದ್ದಕ್ಕೆ ಸೀಳುತ್ತದೆ. ಒಳಗಿನಿಂದ ಸಣ್ಣ ಎಲ್ ಕ್ಲಿಪ್ಪು ಹಾಕಿ: ಗಿಡ್ಡ ಪಟ್ಟಿಗಳ ಮಧ್ಯಕ್ಕೆ ಒಂದೊಂದು, ದುಂಡು ತೂತಿನದು, ಉದ್ದ ಪಟ್ಟಿಗಳಿಗೆ ಎರಡೆರಡು, ನೀಳ ತೂತಿನದು, ಆ ತೂತು ಹಲಗೆಯ ಅಗಲದ ದಿಕ್ಕಿಗೇ ಇರಬೇಕು.

ಕಾಲು ಮತ್ತು ಪಟ್ಟಿಯ ಜೋಡಣೆಗೆ 8 ಮಿಲಿಮೀಟರ್ ದಪ್ಪ, 40 ಮಿಲಿಮೀಟರ್ ಉದ್ದದ ಕಟ್ಟಿಗೆ ಗೂಟ ಸಾಕು. ಎಂಟು ಜೋಡಣೆಗೆ ಎರಡೆರಡರಂತೆ 16. ಕಾಲಿನಲ್ಲಿ 21, ಪಟ್ಟಿಯಲ್ಲಿ 22 ಮಿಲಿಮೀಟರ್ ಆಳ ಕೊರೆಯಿರಿ. ಆ 3 ಮಿಲಿಮೀಟರ್ ಹೆಚ್ಚುವರಿ ಅಂಟಿಗೆ ಜಾಗ. ಹೊಸಬರು ಎಡವುವುದು ಇಲ್ಲೇ: ಎರಡು ಬದಿಯ ಗೂಟಗಳು ಕಾಲಿನ ನಡುವೆ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಉದ್ದ ಪಟ್ಟಿಯ ಗೂಟಗಳನ್ನು ಮೇಲಂಚಿನಿಂದ 15 ಮತ್ತು 40 ಮಿಲಿಮೀಟರಿಗೆ, ಗಿಡ್ಡ ಪಟ್ಟಿಯವನ್ನು 27 ಮತ್ತು 52ಕ್ಕೆ ಗುರುತಿಸಿದರೆ ತೊಂದರೆಯಿಲ್ಲ. ತೂತು ತಪ್ಪಿದರೆ ದೊಡ್ಡದು ಮಾಡಲು ಹೋಗಬೇಡಿ. ಅದರಲ್ಲೇ ಒಂದು ಗೂಟ ಅಂಟಿಸಿ, ಮರುದಿನ ಸಮಕ್ಕೆ ಕೊಯ್ದು, ಸರಿಯಾದ ಜಾಗದಲ್ಲಿ ಹೊಸದಾಗಿ ಕೊರೆಯಿರಿ.

ಅಂಟಿಲ್ಲದೆ ಒಮ್ಮೆ ಪೂರ್ತಿ ಜೋಡಿಸಿ ನೋಡಲೇಬೇಕು. ಮೂಲೆಗೆ ಗುಣ್ಯಾ (ಲಂಬಕೋನ ನೋಡುವ ಮೂಲೆಮಟ್ಟ) ಇಡಿ, ಚೌಕಟ್ಟಿನ ಎರಡು ಕರ್ಣ ಅಳೆಯಿರಿ; ಅರ್ಧ ಸೂತಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ಉದ್ದದ ಕರ್ಣವನ್ನು ಕ್ಲಾಂಪಿನಿಂದ ಒತ್ತಿ ಸಮ ಮಾಡಿ. ಫೆವಿಕಾಲ್ ಹಚ್ಚಿದ ಮೇಲೆ ಇದಕ್ಕೆಲ್ಲ ಪುರಸೊತ್ತು ಇರದು, ಬೇಸಿಗೆಯ ಮಧ್ಯಾಹ್ನವಂತೂ ಐದೇ ನಿಮಿಷದಲ್ಲಿ ಕೆನೆಗಟ್ಟುತ್ತದೆ. ನಸುಕಿನಲ್ಲಿ ಅಂಟಿಸುವುದೇ ಲೇಸು. ಮೊದಲ ದಿನ ಉದ್ದದ ಎರಡು ಬದಿ, ಮರುದಿನ ಗಿಡ್ಡ ಪಟ್ಟಿ. ಉದ್ದನೆಯ ಕ್ಲಾಂಪ್ ಇಲ್ಲದಿದ್ದರೆ ನೂಲಿನ ಹಗ್ಗ ಎರಡು ಸುತ್ತು ಬಿಗಿದು ನಡುವೆ ಕೋಲು ಹಾಕಿ ತಿರುವಿ. ಹೊರಗೆ ಉಕ್ಕಿದ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಎಳೆಯೊಳಗೆ ಇಳಿದು ಪಾಲಿಶ್ ಹಿಡಿಯದ ಬಿಳಿ ಕಲೆಯಾಗುತ್ತದೆ. ಅರ್ಧ ತಾಸು ಬಿಟ್ಟು, ರಬ್ಬರಿನಂತಾದಾಗ ಉಳಿಯಿಂದ ಕೆರೆದು ತೆಗೆಯಿರಿ.

ಇನ್ನು ಅಲುಗಾಟ. ಗರಗಸ ಹಿಡಿಯುವ ಮೊದಲು ಸ್ಟೂಲನ್ನು ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟು ನೋಡಿ. ಶಹಾಬಾದಿ ಫರ್ಸಿಯ (ಹಾಸುಗಲ್ಲಿನ) ನೆಲದಲ್ಲಿ ಸರಿಯಾದ ಸ್ಟೂಲೂ ಕುಣಿಯುತ್ತದೆ. ಕಟ್ಟೆಯ ಮೇಲೂ ಅಲುಗಿದರೆ ಗಿಡ್ಡ ಕಾಲಿನ ಕೆಳಗೆ ತೆಳ್ಳನೆ ಚಕ್ಕೆ ಸರಿಸಿ, ಮೇಲಿನ ಹಲಗೆಯ ನಾಲ್ಕೂ ಮೂಲೆಯ ಎತ್ತರ ಸಮ ಆಗುವಂತೆ ಮಾಡಿ. ಒಂದು ಚಪ್ಪಟೆ ಹಲಗೆ ಚೂರಿನ ಮೇಲೆ ಪೆನ್ಸಿಲ್ ಮಲಗಿಸಿ ಹಿಡಿದು, ನಾಲ್ಕೂ ಕಾಲುಗಳ ಸುತ್ತ ಒಂದೇ ಎತ್ತರದಲ್ಲಿ ಗೆರೆ ಎಳೆಯಿರಿ. ಆ ಗೆರೆಗೆ ನಾಲ್ಕನ್ನೂ ಕೊಯ್ಯಿರಿ. ಅಂದಾಜಿನ ಮೇಲೆ ಒಂದೊಂದೇ ಕಾಲು ಕೊಯ್ಯುತ್ತ ಹೋದರೆ ಸ್ಟೂಲು ಕೊನೆಗೆ ಮಣೆಯಾಗುತ್ತದೆ.

ಉಳಿದ ಸಣ್ಣ ಗಾಯಗಳು ಸುಲಭ. ಸುತ್ತಿಗೆ ಬಿದ್ದು ಆದ ತಗ್ಗಿಗೆ, ಎಳೆ ಕತ್ತರಿಸದಿದ್ದರೆ, ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಹತ್ತು ಸೆಕೆಂಡು ಒತ್ತಿ. ಉಗಿಗೆ ಎಳೆ ಉಬ್ಬಿ ಮೇಲೇಳುತ್ತದೆ. ಸ್ಕ್ರೂ ಹಿಡಿಯದ ತೂತಿಗೆ ಬಿದಿರಿನ ಕಡ್ಡಿ, ಅಂಟು. ಜೋಡಣೆಯ ಬಿರುಕಿಗೆ ಅದೇ ಕಟ್ಟಿಗೆಯ ತೆಳು ಚಕ್ಕೆಗೆ ಅಂಟು ಹಚ್ಚಿ ತುರುಕಿ. ಹುಡಿ ಕಲಸಿದ ಫೆವಿಕಾಲ್ ಭಾರ ತಡೆಯದು, ಬಣ್ಣವೂ ಬೇರೆ ಕಾಣುತ್ತದೆ.

ಪಾಲಿಶ್ ಕಾಗದ 80, 120, 180 ನಂಬರಿನ ಸಾಲಿನಲ್ಲಿ, ಎಳೆಯ ಉದ್ದಕ್ಕೆ. ಮುಗಿಸಲು ಅಗಸಿ ಎಣ್ಣೆ ತೆಳುವಾಗಿ ಹಚ್ಚಿ, ಕಾಲು ತಾಸಿನ ನಂತರ ಒರೆಸಿ ತೆಗೆದು, ಕೆಲವು ದಿನ ಒಣಗಲು ಬಿಡಿ. ಶೇಂಗಾ ಎಣ್ಣೆ ಒಣಗುವುದಿಲ್ಲ, ಜಿಗುಟಾಗಿ ಕಮಟು ವಾಸನೆ ಹಿಡಿಯುತ್ತದೆ. ಅಗಸಿ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳಬಲ್ಲದು. ನೀರಲ್ಲಿ ಅದ್ದಿ, ಹೊರಗೆ ಬಿಡಿಸಿ ಹರವಿ.